ಹಳೆ ಕಾರಿನ ಹೀಟರ್ ಬಿಸಿ ಗಾಳಿ ಕೊಡುತ್ತಿಲ್ಲವೇ? ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಮಾರುತಿ 800, ಓಮ್ನಿ, ಝೆನ್, ಹಳೆ ಆಲ್ಟೋ, ಸ್ಯಾಂಟ್ರೋ, ಇಂಡಿಕಾ, ಹಳೆ ಬೊಲೆರೊ ತರಹದ ಗಾಡಿಗಳಿಗೆ. ಅಂದರೆ ಕೈಯಿಂದ ಲಿವರ್ ಎಳೆದು ಅಥವಾ ಗುಂಡಿ ತಿರುಗಿಸಿ ಹೀಟರ್ ಹಾಕುವ ಕಾರುಗಳಿಗೆ.

ನಮ್ಮೂರ ಬಿಸಿಲಿಗೆ ಹೀಟರ್ ಯಾಕೆ ಬೇಕು? ಕೆಟ್ಟರೆ ಕೆಟ್ಟಿರಲಿ ಅಂತ ಬಿಡಬಹುದಲ್ವಾ?

ಬಿಡಬೇಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಈ ಪ್ರಶ್ನೆ ಬರುವುದು ಸಹಜವೇ. ಆದರೆ ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಸಿಂಧನೂರಿನಿಂದ ಗಾಡಿ ಹೊರಡಿಸಿದವರಿಗೆ ಇಲ್ಲಿನ ಚಳಿಯೂ ಗೊತ್ತು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ, ಮಾಲೆ ಹಾಕಿ ಶಬರಿಮಲೆಗೆ ಹೊರಟವರಿಗೆ, ಊಟಿ, ಕೊಡಗಿನ ಕಡೆ ಹೋಗುವವರಿಗೆ ಹೀಟರ್ ಬೇಕೇ ಬೇಕು. ಮಳೆಗಾಲದಲ್ಲಿ ಸಂಡೂರಿನ ಗುಡ್ಡದ ದಾರಿಯಲ್ಲಿ ಮುಂದಿನ ಗಾಜಿಗೆ ಆವಿ ಕಟ್ಟಿದಾಗಲೂ ಬೇಕು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹೀಟರ್‌ಗೆ ಅಂತ ಬೇರೆ ಬೆಂಕಿ ಇಲ್ಲ. ಎಂಜಿನ್ ತಂಪು ಮಾಡುವ ದ್ರವ, ಅಂದರೆ ಕೂಲಂಟೇ ಹೀಟರ್‌ಗೂ ಹೋಗುತ್ತದೆ. ಹಾಗಾಗಿ ಹೀಟರ್ ಸೋತಿದೆ ಅಂದರೆ ಎಷ್ಟೋ ಸಲ ಕೂಲಿಂಗ್ ವ್ಯವಸ್ಥೆಯೇ ಸೋತಿರುತ್ತದೆ. ಕೂಲಂಟ್ ಕಡಿಮೆಯಾಗಿರುತ್ತದೆ, ಪೈಪಿನಲ್ಲಿ ಕೆಸರು ತುಂಬಿರುತ್ತದೆ, ಕೂಲಂಟ್‌ನ ಬಿಸಿ ಕಾಯುವ ಥರ್ಮೋಸ್ಟಾಟ್ ವಾಲ್ವ್ ಇರುವುದಿಲ್ಲ, ಕೂಲಂಟ್ ಸುತ್ತಿಸುವ ಪಂಪ್ ಸವೆದಿರುತ್ತದೆ. ಜನವರಿಯಲ್ಲಿ ಇದು ಬರೀ ತಣ್ಣನೆ ಗಾಳಿಯಾಗಿ ಕಾಣುತ್ತದೆ. ಏಪ್ರಿಲ್‌ನಲ್ಲಿ ಅದೇ ದೋಷದಿಂದ ನಡುದಾರಿಯಲ್ಲಿ ಎಂಜಿನ್ ಕುದಿಯುತ್ತದೆ. ಚಳಿಗಾಲದಲ್ಲೇ ಹಿಡಿದರೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ.

ಹೀಟರ್ ಕೆಲಸ ಮಾಡುವುದು ಹೇಗೆ?

ಎಂಜಿನ್‌ನಿಂದ ಬಿಸಿಯಾದ ಕೂಲಂಟ್ ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡ್ ಹಿಂದಿನ ಒಂದು ಸಣ್ಣ ರೇಡಿಯೇಟರ್‌ಗೆ ಬಂದು ವಾಪಸ್ ಹೋಗುತ್ತದೆ. ಇದಕ್ಕೆ ಹೀಟರ್ ಕೋರ್ ಅಂತ ಹೆಸರು. ಗ್ಯಾರೇಜಿನಲ್ಲಿ ಹೀಟರ್ ಕಾಯಿಲ್ ಅಂತಲೂ ಅನ್ನುತ್ತಾರೆ. ಬ್ಲೋವರ್ ಅದರ ಮೇಲೆ ಗಾಳಿ ಹಾಯಿಸುತ್ತದೆ. ಆ ಗಾಳಿ ಬಿಸಿಯಾಗಿ ಒಳಗೆ ಬರುತ್ತದೆ. ಎಷ್ಟು ಬಿಸಿ ಅನ್ನುವುದನ್ನು ಕೆಲವು ಗಾಡಿಗಳಲ್ಲಿ ಪೈಪಿನ ಮೇಲಿರುವ ಹೀಟರ್ ಕಾಕ್, ಅಂದರೆ ಕೂಲಂಟ್ ಬಿಡುವ, ನಿಲ್ಲಿಸುವ ನಲ್ಲಿ ತೀರ್ಮಾನಿಸುತ್ತದೆ. ಇನ್ನು ಕೆಲವಲ್ಲಿ ಗಾಳಿಯ ದಾರಿ ಬದಲಿಸುವ ಒಂದು ಫ್ಲಾಪ್ ಆ ಕೆಲಸ ಮಾಡುತ್ತದೆ. ಎರಡೂ ಇರುವ ಗಾಡಿಗಳೂ ಇವೆ.

ಎಂಜಿನ್ ಹೇಗೂ ಹೊರಗೆ ಚೆಲ್ಲುವ ಬಿಸಿ ಇದು. ಹೀಟರ್ ಹಾಕಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಅನ್ನುವ ಭಯ ಬೇಡ. ಬ್ಲೋವರ್ ಮೋಟರ್‌ಗೆ ಬೇಕಾದ ಕರೆಂಟ್ ಮಾತ್ರ ಖರ್ಚು.

ಗ್ಯಾರೇಜಿಗೆ ಹೋಗುವ ಮೊದಲು ನಾನೇ ಏನು ನೋಡಬಹುದು?

ಮೊದಲು ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ. ರಿಸರ್ವ್ ಟ್ಯಾಂಕ್ ನೋಡಿದರೆ ಸಾಲದು. ರೇಡಿಯೇಟರ್ ಕ್ಯಾಪ್ ತೆಗೆದು ಒಳಗೂ ನೋಡಬೇಕು. ಕ್ಯಾಪಿನ ರಬ್ಬರ್ ಹರಿದಿದ್ದರೆ ಟ್ಯಾಂಕ್‌ನಲ್ಲಿ ನೀರು ಇದ್ದಂತೆಯೇ ಇರುತ್ತದೆ, ರೇಡಿಯೇಟರ್ ಮಾತ್ರ ಖಾಲಿಯಾಗಿರುತ್ತದೆ. ಬಿಸಿ ಎಂಜಿನ್‌ನ ಕ್ಯಾಪ್ ಮಾತ್ರ ಎಂದಿಗೂ ತೆಗೆಯಬೇಡಿ. ಒಳಗೆ ಒತ್ತಡ ಇರುತ್ತದೆ. ಕುದಿಯುವ ನೀರು ಮುಖಕ್ಕೆ ಎರಚುತ್ತದೆ.

ಆಮೇಲೆ ಹತ್ತು ಹದಿನೈದು ನಿಮಿಷ ಗಾಡಿ ಓಡಿಸಿ ಬನ್ನಿ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬರಬೇಕು. ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಎಂಜಿನ್ ಬಂದ್ ಮಾಡಿ ಬಾನೆಟ್ ತೆಗೆಯಿರಿ. ಎಂಜಿನ್‌ಗೂ ಕ್ಯಾಬಿನ್‌ಗೂ ನಡುವೆ ಇರುವ ತಗಡಿನ ಗೋಡೆಗೆ ಹೋಗುವ ಎರಡು ಸಣ್ಣ ಪೈಪುಗಳನ್ನು ಹುಡುಕಿ. ಬಟ್ಟೆ ಹಿಡಿದು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಫ್ಯಾನ್ ಹತ್ತಿರ ಕೈ ಹೋಗದಿರಲಿ. ಕೆಲವು ಗಾಡಿಗಳಲ್ಲಿ ಎಂಜಿನ್ ಬಂದ್ ಇದ್ದರೂ ಫ್ಯಾನ್ ತಾನಾಗಿ ತಿರುಗುತ್ತದೆ.

ಎರಡೂ ಪೈಪು ಚೆನ್ನಾಗಿ ಸುಡುತ್ತಿದ್ದರೆ ಕೂಲಂಟ್ ಸರಿಯಾಗಿ ಹರಿಯುತ್ತಿದೆ. ತೊಂದರೆ ಗಾಳಿಯ ಕಡೆ ಇದೆ. ಅಂದರೆ ಫ್ಲಾಪ್, ಕೇಬಲ್ ಅಥವಾ ಬ್ಲೋವರ್. ಒಂದು ಸುಡುತ್ತಿದೆ, ಇನ್ನೊಂದು ತಣ್ಣಗಿದೆ ಅಂದರೆ ಕೋರ್ ಕಟ್ಟಿಕೊಂಡಿದೆ ಇಲ್ಲವೇ ಕಾಕ್ ತೆರೆಯುತ್ತಿಲ್ಲ. ಎರಡೂ ಬರೀ ಉಗುರು ಬೆಚ್ಚಗಿದ್ದರೆ ಎಂಜಿನ್ನೇ ಬಿಸಿಯಾಗುತ್ತಿಲ್ಲ, ಅಥವಾ ಕೂಲಂಟ್ ಕಡಿಮೆ ಇದೆ, ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ.

ಈ ಒಂದು ಪರೀಕ್ಷೆಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಇದನ್ನು ಮಾಡದೆ ಡ್ಯಾಶ್‌ಬೋರ್ಡ್ ಬಿಚ್ಚಲು ಯಾರಿಗೂ ಒಪ್ಪಿಗೆ ಕೊಡಬೇಡಿ. ಓಮ್ನಿಯಲ್ಲಿ ಎಂಜಿನ್ ಸೀಟಿನ ಕೆಳಗೆ ಇರುವುದರಿಂದ ಪೈಪುಗಳು ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಗಾಡಿ ಎತ್ತಿ ನೋಡಲು ಮೇಸ್ತ್ರಿಗೇ ಹೇಳಿ.

ಮೇಸ್ತ್ರಿ ಥರ್ಮೋಸ್ಟಾಟ್ ತೆಗೆದು ಹಾಕಿದ್ದಾರೆ. "ನಮ್ಮ ಕಡಿ ಬಿಸಿಲಿಗೆ ಅದು ಬ್ಯಾಡ್ರೀ" ಅಂದರು. ಇದು ಸರಿಯೇ?

ಸರಿಯಲ್ಲ. ನಮ್ಮ ಭಾಗದ ಹಳೆ ಗಾಡಿಗಳಲ್ಲಿ ಹೀಟರ್ ಸೋಲುವುದಕ್ಕೆ ಮೊದಲು ಅನುಮಾನಿಸಬೇಕಾದ ಕಾರಣ ಇದೇ. ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಥರ್ಮೋಸ್ಟಾಟ್ ಅಂದರೆ ಮೇಣ ತುಂಬಿದ ಒಂದು ಸಣ್ಣ ವಾಲ್ವ್. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿರುತ್ತದೆ. ಕೂಲಂಟ್ ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ, ಬೇಗ ಬಿಸಿಯಾಗುತ್ತದೆ. ನಿಗದಿ ಮಾಡಿದ ಬಿಸಿ ಬಂದಾಗ ಮೇಣ ಕರಗಿ ಹಿಗ್ಗಿ ವಾಲ್ವ್ ತೆರೆಯುತ್ತದೆ. ಅನೇಕ ಗಾಡಿಗಳಲ್ಲಿ ಇದು 82 ಅಥವಾ 88 ಡಿಗ್ರಿ. ಆ ಅಂಕಿ ವಾಲ್ವ್ ಮೇಲೆಯೇ ಕೆತ್ತಿರುತ್ತದೆ.

ಈಗ ಲೆಕ್ಕ ಹಾಕಿ. ರಾಯಚೂರಿನ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದೆ ಅನ್ನೋಣ. ಎಂಜಿನ್ ಬಿಸಿಯಾದ ಮೇಲೆ 82 ಡಿಗ್ರಿಯ ಥರ್ಮೋಸ್ಟಾಟ್ ಹೇಗೂ ತೆರೆದುಕೊಳ್ಳುತ್ತದೆ. ಪೂರ್ತಿ ತೆರೆದ ಮೇಲೆ ಗಾಡಿಯನ್ನು ತಂಪು ಮಾಡುವುದು ರೇಡಿಯೇಟರ್, ಫ್ಯಾನ್, ಪಂಪ್ ಮತ್ತು ಕೂಲಂಟ್. ಇವು ಸರಿ ಇದ್ದರೆ ಥರ್ಮೋಸ್ಟಾಟ್ ಇದ್ದರೂ ಎಂಜಿನ್ ಕುದಿಯುವುದಿಲ್ಲ. ಇವು ಕೆಟ್ಟಿದ್ದರೆ ಥರ್ಮೋಸ್ಟಾಟ್ ತೆಗೆದರೂ ಇವತ್ತಲ್ಲ ನಾಳೆ ಕುದಿಯುತ್ತದೆ. ಮುಚ್ಚಿಕೊಂಡೇ ಸಿಕ್ಕಿಬಿದ್ದ ಥರ್ಮೋಸ್ಟಾಟ್‌ನಿಂದ ಗಾಡಿ ಕುದಿಯುವುದು ನಿಜ. ಆದರೆ ಅದಕ್ಕೆ ಪರಿಹಾರ ಹೊಸದು ಹಾಕುವುದು, ಖಾಲಿ ಬಿಡುವುದಲ್ಲ.

ತೆಗೆದರೆ ಆಗುವ ನಷ್ಟ ಹೀಟರ್‌ಗೆ ಮಾತ್ರ ನಿಲ್ಲುವುದಿಲ್ಲ. ಎಂಜಿನ್ ಸದಾ ತಣ್ಣಗೆ ಓಡುತ್ತದೆ. ಇಂಜೆಕ್ಷನ್ ಗಾಡಿಯಾದರೆ ಎಂಜಿನ್ ಇನ್ನೂ ಬಿಸಿಯಾಗಿಲ್ಲ ಅಂತ ಕಂಪ್ಯೂಟರ್ ತಿಳಿದು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಮೈಲೇಜ್ ಬೀಳುತ್ತದೆ. ಎಂಜಿನ್ ಆಯಿಲ್‌ನಲ್ಲಿ ಸೇರುವ ತೇವ ಆವಿಯಾಗದೆ ಅಲ್ಲೇ ಉಳಿಯುತ್ತದೆ, ಸವೆತ ಹೆಚ್ಚುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಕೆಳಭಾಗ ಇನ್ನೊಂದು ಸಣ್ಣ ದಾರಿಯನ್ನು ಮುಚ್ಚುತ್ತದೆ. ವಾಲ್ವನ್ನೇ ತೆಗೆದರೆ ಆ ದಾರಿ ತೆರೆದೇ ಇರುತ್ತದೆ. ಸ್ವಲ್ಪ ಕೂಲಂಟ್ ರೇಡಿಯೇಟರ್ ಮುಟ್ಟದೆ ಸುಮ್ನೆ ಎಂಜಿನ್ ಸುತ್ತುತ್ತದೆ. ಆಗ ಭಾರ ಹೊತ್ತು ಏರು ಹತ್ತುವಾಗ ಬಿಸಿ ಮೊದಲಿಗಿಂತ ಹೆಚ್ಚಾಗಲೂಬಹುದು.

ನನ್ನ ಗಾಡಿಯಲ್ಲಿ ಥರ್ಮೋಸ್ಟಾಟ್ ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?

ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ. ರೇಡಿಯೇಟರ್‌ನ ಮೇಲಿನ ದಪ್ಪ ಪೈಪನ್ನು ಆಗಾಗ ಮುಟ್ಟಿ ನೋಡಿ. ಥರ್ಮೋಸ್ಟಾಟ್ ಸರಿ ಇದ್ದರೆ ಆ ಪೈಪು ಕೆಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಒಮ್ಮೆಗೇ ಬಿಸಿಯಾಗುತ್ತದೆ. ಶುರುವಿನಿಂದಲೇ ಎಂಜಿನ್ ಜೊತೆ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ಥರ್ಮೋಸ್ಟಾಟ್ ಇಲ್ಲ, ಅಥವಾ ತೆರೆದೇ ಸಿಕ್ಕಿಬಿದ್ದಿದೆ. ಹೆದ್ದಾರಿಯಲ್ಲಿ ಹೋಗುವಾಗ ಮುಳ್ಳು ಕೆಳಗಿಳಿದು, ಊರೊಳಗೆ ಟ್ರಾಫಿಕ್‌ನಲ್ಲಿ ನಿಂತಾಗ ಮೇಲೇರುವುದೂ ಇದೇ ದೋಷದ ಗುರುತು.

ತೆಗೆದ ವಾಲ್ವನ್ನು ಪರೀಕ್ಷಿಸಬೇಕಾದರೆ ಹಳೆಯ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ತಳಕ್ಕೆ ತಾಗದಂತೆ ಇಳಿಬಿಟ್ಟು ಕಾಯಿಸಿ. ಥರ್ಮಾಮೀಟರ್ ಇದ್ದರೆ ಕೆತ್ತಿರುವ ಅಂಕಿಯ ಹತ್ತಿರ ತೆರೆಯಲು ಶುರುವಾಗುತ್ತದಾ ನೋಡಿ. ಅಡಿಗೆಗೆ ಬಳಸುವ ಪಾತ್ರೆ ಬೇಡ. ಸಂಶಯ ಬಂದರೆ ಹೊಸದನ್ನೇ ಹಾಕಿ. ಇದು ದುಬಾರಿ ಸಾಮಾನಲ್ಲ. ಜೊತೆಗೆ ಸಂದು ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಕೂಡ ಹೊಸದಿರಲಿ. ವಾಲ್ವ್‌ನಲ್ಲಿ ಸಣ್ಣ ಪಿನ್ ಅಲುಗಾಡುವ ತೂತು ಇದ್ದರೆ ಅದು ಸಾಮಾನ್ಯವಾಗಿ ಮೇಲ್ಭಾಗಕ್ಕೆ ಬರುವಂತೆ ಕೂರಿಸಬೇಕು. ಗಾಳಿ ಹೊರಗೆ ಹೋಗುವ ದಾರಿ ಅದು.

ರೇಡಿಯೇಟರ್ ಫ್ಯಾನ್ "ಡೈರೆಕ್ಟ್" ಮಾಡಿಸಿದ್ದೇನೆ. ಅದಕ್ಕೂ ಹೀಟರ್‌ಗೂ ಸಂಬಂಧ ಇದೆಯಾ?

ಇದೆ. ಎಂಜಿನ್ ಬಿಸಿಯಾದಾಗ ಮಾತ್ರ ಫ್ಯಾನ್ ಓಡಿಸುವ ಸ್ವಿಚ್ ಕೆಟ್ಟಾಗ ಅದನ್ನು ಬದಲಿಸದೆ, ಕೀ ತಿರುಗಿಸಿದ ಕೂಡಲೇ ಫ್ಯಾನ್ ಓಡುವಂತೆ ವೈರ್ ಕೊಡುವುದು ನಮ್ಮಲ್ಲಿ ಬಹಳ ನಡೆಯುತ್ತದೆ. ಥರ್ಮೋಸ್ಟಾಟ್ ಸರಿ ಇದ್ದರೆ ಇಷ್ಟರಿಂದಲೇ ಹೀಟರ್ ಸಾಯುವುದಿಲ್ಲ. ಆದರೆ ಥರ್ಮೋಸ್ಟಾಟೂ ಇಲ್ಲ, ಫ್ಯಾನೂ ಸದಾ ಓಡುತ್ತಿದೆ ಅಂದರೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯಾಗುವುದೇ ಇಲ್ಲ. ಫ್ಯಾನ್ ಮೋಟರ್ ಬೇಗ ಸವೆಯುತ್ತದೆ, ಬ್ಯಾಟರಿ ಮತ್ತು ಆಲ್ಟರ್ನೇಟರ್ ಮೇಲೆ ಸುಮ್ನೆ ಭಾರ ಬೀಳುತ್ತದೆ. ಹೊಸ ಸ್ವಿಚ್ ಹಾಕಿಸಿ, ವೈರಿಂಗ್ ಮೊದಲಿದ್ದಂತೆ ಮಾಡಿಸಿ.

ಬೋರ್‌ವೆಲ್ ನೀರು ಹಾಕಿದರೆ ಏನಾಗುತ್ತದೆ? ವರ್ಷಗಳಿಂದ ಹಾಕುತ್ತಿದ್ದೇವಲ್ಲ?

ನಮ್ಮ ಮೂರು ಜಿಲ್ಲೆಗಳಲ್ಲೂ ಬೋರ್‌ವೆಲ್ ನೀರು ಬಹಳ ಕಡೆ ಗಡುಸು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ. ಮನೆಯ ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿ ಪದರ ಗಟ್ಟಿಯಾಗಿ ಕೂರುತ್ತದಲ್ಲ, ಅದೇ ಪದರ ಎಂಜಿನ್ ಒಳಗೂ ಕೂರುತ್ತದೆ. ಇದಕ್ಕೆ ತುಕ್ಕು ಸೇರಿದರೆ ಕಂದು ಕೆಸರಾಗುತ್ತದೆ. ಹೀಟರ್ ಕೋರ್‌ನ ದಾರಿಗಳು ಬಹಳ ಕಿರಿದು, ಹರಿವೂ ಕಡಿಮೆ. ಕೆಸರು ನಿಲ್ಲಲು ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ.

ಕೂಲಂಟ್‌ಗೆ ಬೆರೆಸಲು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಿ. ದಾರಿಯಲ್ಲಿ ನೀರು ಕಡಿಮೆಯಾಗಿ ಬೇರೆ ಗತಿ ಇಲ್ಲದಿದ್ದರೆ ಸಿಕ್ಕ ನೀರು ಹಾಕಿ ಮನೆ ಸೇರಿ. ಎಂಜಿನ್ ಉಳಿಯುವುದು ಮುಖ್ಯ. ಆಮೇಲೆ ಪೂರ್ತಿ ಖಾಲಿ ಮಾಡಿ ಹೊಸದು ತುಂಬಿಸಿ.

ಇಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲ. ಹಾಗಿದ್ದರೂ ಕೂಲಂಟ್ ಬೇಕಾ?

ಬೇಕು. ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಗುಣ ಮಾತ್ರ. ನಮಗೆ ಬೇಕಾದ್ದು ಇನ್ನೆರಡು ಗುಣ. ಒಂದು, ತುಕ್ಕು ತಡೆಯುವುದು. ಇನ್ನೊಂದು, ಕುದಿಯುವ ಮಟ್ಟ ಏರಿಸುವುದು. ಅರ್ಧ ಕೂಲಂಟ್, ಅರ್ಧ ನೀರು ಬೆರೆಸಿದರೆ ಕುದಿಯುವ ಮಟ್ಟ ಸುಮಾರು 106 ಡಿಗ್ರಿಗೆ ಏರುತ್ತದೆ. ಒಳ್ಳೆಯ ಕ್ಯಾಪಿನ ಒತ್ತಡ ಸೇರಿದರೆ 120 ದಾಟುತ್ತದೆ. ಬಳ್ಳಾರಿಯ ಏಪ್ರಿಲ್‌ಗೆ ಇದು ಎಷ್ಟು ದೊಡ್ಡ ಆಸರೆ ನೋಡಿ.

ಡಬ್ಬಿ ಮೇಲೆ ಬರೆದಿದ್ದನ್ನು ಓದಿ. ಬೆರೆಸಿಯೇ ಬರುವ ಕೂಲಂಟ್‌ಗೆ ಮತ್ತೆ ನೀರು ಹಾಕಬಾರದು. ನೀರು ಬೆರೆಸದೆ ಬರುವ ಗಟ್ಟಿ ಕೂಲಂಟನ್ನು ಹಾಗೆಯೇ ಬಳಸಬಾರದು. ಬಿಸಿ ಹೊರುವ ಶಕ್ತಿ ನೀರಿಗೇ ಜಾಸ್ತಿ. ಹಸಿರು, ಕೆಂಪು, ನೀಲಿ ಅಂತ ಬಣ್ಣ ನೋಡಿ ಬೆರೆಸಬೇಡಿ. ಬಣ್ಣ ಒಂದೇ ಇದ್ದರೂ ಒಳಗಿನ ರಾಸಾಯನಿಕ ಬೇರೆ ಇರಬಹುದು. ಹಳೆ ಕಾಲದ ಹಸಿರು ಕೂಲಂಟ್ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಒಂದು ಎಚ್ಚರಿಕೆ. ಕೂಲಂಟ್ ಸಿಹಿಯಾಗಿರುವ ವಿಷ. ತೆಗೆದ ಹಳೆ ಕೂಲಂಟನ್ನು ಚರಂಡಿ ಪಕ್ಕ ಬಿಟ್ಟರೆ ನಾಯಿ, ಬೆಕ್ಕು, ಕುರಿ ಕುಡಿದು ಸಾಯುತ್ತವೆ. ಮಕ್ಕಳ ಕೈಗೂ ಸಿಗಬಾರದು. ಡಬ್ಬಿಯಲ್ಲಿ ತುಂಬಿ ಮುಚ್ಚಿಟ್ಟು, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಹೀಟರ್ ಕೋರ್ ಕಟ್ಟಿಕೊಂಡಿದೆ ಅಂತ ಖಚಿತವಾಯಿತು. ಬದಲಿಸಲೇಬೇಕಾ?

ಮೊದಲು ತೊಳೆದು ನೋಡಿ. ಕೋರ್ ಬದಲಿಸಬೇಕೆಂದರೆ ಅನೇಕ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಇಳಿಸಬೇಕು. ಸಾಮಾನಿಗಿಂತ ಕೂಲಿ ಜಾಸ್ತಿ. ಹಳೆ ಗಾಡಿಯ ಪ್ಲಾಸ್ಟಿಕ್ ನಮ್ಮ ಬಿಸಿಲಿಗೆ ಒಣಗಿ ಮುರುಕಾಗಿರುತ್ತದೆ. ಬಿಚ್ಚಿ ಕೂರಿಸಿದ ಮೇಲೆ ಗಡಗಡ ಸದ್ದು ಬರುವುದು ತಪ್ಪುವುದಿಲ್ಲ.

ತೊಳೆಯುವ ಕ್ರಮ ಹೀಗೆ. ಎಂಜಿನ್ ತಣ್ಣಗಿರಲಿ. ಕೋರ್‌ಗೆ ಹೋಗುವ ಎರಡೂ ಪೈಪು ಬಿಚ್ಚಿ. ಬಹಳ ವರ್ಷದಿಂದ ಅಂಟಿಕೊಂಡ ಪೈಪನ್ನು ಜಗ್ಗಬೇಡಿ, ಒಳಗಿನ ತಗಡಿನ ಕೊಳವೆ ಮುರಿಯುತ್ತದೆ. ಬ್ಲೇಡಿನಿಂದ ಸೀಳಿ ತೆಗೆದು ಹೊಸ ಪೈಪು ಹಾಕುವುದು ಅಗ್ಗ. ಹೀಟರ್ ಕಾಕ್ ತೆರೆದಿರಲಿ. ಕೂಲಂಟ್ ಹೊರಗೆ ಬರುವ ಬಾಯಿಯಿಂದ ನೀರು ಬಿಡಿ, ಅಂದರೆ ಉಲ್ಟಾ ದಿಕ್ಕಿನಲ್ಲಿ. ಕೆಸರು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ, ನೀರು ತಿಳಿಯಾಗುವವರೆಗೆ ಮಾಡಿ. ತೋಟಕ್ಕೆ ನೀರು ಬಿಡುವ ಪೈಪಿನ ಸಾಧಾರಣ ಒತ್ತಡ ಸಾಕು. ವಾಟರ್ ಸರ್ವಿಸ್‌ನ ಪ್ರೆಶರ್ ಗನ್ ಇಟ್ಟರೆ ಹಳೆ ಕೋರ್ ಒಡೆದು ಕಾರಿನೊಳಗೆ ನೀರು ನುಗ್ಗುತ್ತದೆ. ಕೊನೆಗೆ ಒಂದಿಷ್ಟು ಡಿಸ್ಟಿಲ್ಡ್ ವಾಟರ್ ಹಾಯಿಸಿ.

ಪದರ ಗಟ್ಟಿಯಾಗಿದ್ದರೆ ಕಾರು ಸಾಮಾನಿನ ಅಂಗಡಿಯಲ್ಲಿ ಸಿಗುವ ರೇಡಿಯೇಟರ್ ಫ್ಲಶ್ ಬಳಸಿ. ಶೌಚಾಲಯ ತೊಳೆಯುವ ಆಸಿಡ್, ಕಾಸ್ಟಿಕ್ ಸೋಡಾ ಎರಡೂ ಬೇಡವೇ ಬೇಡ. ಅಲ್ಯೂಮಿನಿಯಂ ಕೋರ್‌ಅನ್ನು ಕಾಸ್ಟಿಕ್ ಸೋಡಾ ತಿಂದುಹಾಕುತ್ತದೆ. ಎಂಜಿನ್ ಹೆಡ್ ಕೂಡ ಅಲ್ಯೂಮಿನಿಯಂ ಅನ್ನುವುದು ನೆನಪಿರಲಿ.

ರೇಡಿಯೇಟರ್ ಸೋರಿದಾಗ ಅರಿಶಿನ ಪುಡಿ ಹಾಕಿದ್ದೆವು. ಅದರಿಂದ ತೊಂದರೆಯಾಗಿರಬಹುದಾ?

ಆಗಿರಬಹುದು. ದಾರಿಯಲ್ಲಿ ಸಿಕ್ಕಿಬಿದ್ದಾಗ ಅರಿಶಿನ ಹಾಕಿ ಊರು ಸೇರಿದವರು ಬಹಳ ಜನ. ಸಣ್ಣ ತೂತಿಗೆ ಅದು ನಿಜಕ್ಕೂ ಅಡ್ಡ ನಿಲ್ಲುತ್ತದೆ. ಆದರೆ ಪುಡಿಗೆ ಸೋರುವ ತೂತು ಯಾವುದು, ಹೀಟರ್ ಕೋರ್‌ನ ಕಿರಿದಾದ ದಾರಿ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಮುಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಪುಡಿ, ದ್ರವಗಳೂ ಹೀಗೆಯೇ. ಊರು ಮುಟ್ಟಿದ ಮೇಲೆ ರೇಡಿಯೇಟರ್ ಬೆಸುಗೆ ಹಾಕಿಸಿ ಅಥವಾ ಬದಲಿಸಿ, ಇಡೀ ವ್ಯವಸ್ಥೆ ತೊಳೆಸಿ.

ಕೂಲಂಟ್ ಬದಲಿಸಿದ ಮೇಲೆಯೇ ಹೀಟರ್ ತಣ್ಣಗಾಯಿತು. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬರುತ್ತದೆ.

ಗಾಳಿ ಸಿಕ್ಕಿಕೊಂಡಿದೆ. ಏರ್ ಲಾಕ್ ಅನ್ನುವುದು ಇದಕ್ಕೇ. ಎಂಜಿನ್ ತಣ್ಣಗಿರುವಾಗ ಗಾಡಿಯ ಮೂತಿ ಮೇಲಕ್ಕೆ ಇರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಟೈರಿಗೆ ಕಲ್ಲು ಕೊಡಿ. ರೇಡಿಯೇಟರ್ ಕ್ಯಾಪ್ ತೆಗೆದು ಬಾಯಿವರೆಗೆ ತುಂಬಿ. ಹೀಟರ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿ. ಗುಳ್ಳೆ ಬರುತ್ತಾ ಮಟ್ಟ ಇಳಿಯುತ್ತದೆ, ನಿಧಾನವಾಗಿ ತುಂಬುತ್ತಾ ಇರಿ. ಮೇಲಿನ ಪೈಪು ಬಿಸಿಯಾಗಿ, ಗುಳ್ಳೆ ನಿಂತು, ಒಳಗೆ ಬಿಸಿ ಗಾಳಿ ಬಂದಾಗ ಕ್ಯಾಪ್ ಹಾಕಿ. ನೀರು ಉಕ್ಕಿ ಬರುವ ಲಕ್ಷಣ ಕಂಡರೆ ಮಾತ್ರ ಕೈ ದೂರ ಇಟ್ಟು, ಎಂಜಿನ್ ಬಂದ್ ಮಾಡಿ, ತಣ್ಣಗಾದ ಮೇಲೆ ಮತ್ತೆ ಶುರು ಮಾಡಿ. ಕೆಲವು ಎಂಜಿನ್‌ಗಳಲ್ಲಿ ಗಾಳಿ ಬಿಡುವ ಸ್ಕ್ರೂ ಇರುತ್ತದೆ. ಇದ್ದರೆ ಕೆಲಸ ಇನ್ನೂ ಸುಲಭ.

ಗಾಳಿ ತೆಗೆದಷ್ಟೂ ಮತ್ತೆ ಬರುತ್ತಿದೆ, ನೀರೂ ಕಡಿಮೆಯಾಗುತ್ತಿದೆ, ಎಲ್ಲೂ ಸೋರಿಕೆ ಕಾಣುವುದಿಲ್ಲ ಅಂದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಪದರ ನೋಡಿಸಿ. ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬರುವುದು, ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗುವುದು ಇದರ ಗುರುತು. ಹೀಗಿದ್ದರೆ ಗಾಡಿ ಓಡಿಸಬೇಡಿ.

ಗಾಡಿ ಓಡುವಾಗ ಬಿಸಿ ಗಾಳಿ ಬರುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ತಣ್ಣಗಾಗುತ್ತದೆ. ಯಾಕೆ?

ಎಂಜಿನ್ ನಿಧಾನವಾಗಿ ತಿರುಗುವಾಗ ಕೂಲಂಟ್ ಕೋರ್‌ವರೆಗೆ ತಲುಪುತ್ತಿಲ್ಲ. ಮೊದಲು ಮಟ್ಟ ನೋಡಿ, ಬಹುತೇಕ ಅದೇ ಕಾರಣ. ಮಟ್ಟ ಸರಿ ಇದ್ದರೆ ಬೆಲ್ಟ್ ಸಡಿಲವಿದೆಯಾ, ವಾಟರ್ ಪಂಪ್‌ನ ರೆಕ್ಕೆ ತುಕ್ಕು ಹಿಡಿದು ಸವೆದಿದೆಯಾ ಅಂತ ನೋಡಿಸಿ. ಬರೀ ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ ಪಂಪ್ ಹೀಗೆ ಹಾಳಾಗುತ್ತದೆ.

ಪೈಪು ಎರಡೂ ಸುಡುತ್ತಿವೆ, ಆದರೆ ಗಾಳಿ ತಣ್ಣಗಿದೆ. ಈಗೇನು?

ಲಿವರ್ ಅಥವಾ ಗುಂಡಿ ತಿರುಗಿಸಿ, ಡ್ಯಾಶ್‌ಬೋರ್ಡ್ ಕೆಳಗೆ ಬಗ್ಗಿ ನೋಡಿ. ಕೇಬಲ್ ಕ್ಲಿಪ್‌ನಿಂದ ಜಾರಿದ್ದರೆ ಫ್ಲಾಪ್ ಅಲುಗಾಡುವುದಿಲ್ಲ. ಮತ್ತೆ ಸಿಕ್ಕಿಸಿದರೆ ಕೆಲಸ ಮುಗಿಯಿತು. ಕಿಂಡಿಗಳಿಂದ ಕಪ್ಪು ಸ್ಪಂಜಿನ ಚೂರು ಹಾರಿ ಬರುತ್ತಿದ್ದರೆ ಫ್ಲಾಪ್‌ಗೆ ಅಂಟಿಸಿದ ಫೋಮ್ ಪುಡಿಯಾಗಿದೆ. ಬಿಸಿಲಿನಲ್ಲಿ ನಿಲ್ಲುವ ಗಾಡಿಗಳಲ್ಲಿ ಇದು ಆಗುವುದೇ. ಆಗ ತಣ್ಣನೆ ಗಾಳಿ ಸಂದಿಯಿಂದ ಸೇರಿಕೊಳ್ಳುತ್ತದೆ.

ಗಾಳಿ ಬಿಸಿಯಾಗಿದೆ, ಆದರೆ ಬಹಳ ಮೆಲ್ಲಗೆ ಬರುತ್ತದೆ.

ಹಳೆ ಗಾಡಿಗಳಲ್ಲಿ ಕ್ಯಾಬಿನ್ ಫಿಲ್ಟರ್ ಇಲ್ಲದಿರುವುದೇ ಹೆಚ್ಚು. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯಾದರೆ ಕೆಂಪು ಅದಿರಿನ ಧೂಳು, ಗಂಗಾವತಿ, ಸಿಂಧನೂರು ಕಡೆಯದಾದರೆ ಭತ್ತದ ಹೊಟ್ಟು, ಬೇವಿನ ಎಲೆ ನೇರವಾಗಿ ಒಳಗೆ ಹೋಗಿ ಕೂರುತ್ತವೆ. ಮುಂದಿನ ಗಾಜಿನ ಕೆಳಗಿರುವ ಜಾಲರಿ ತೆಗೆದು ಸ್ವಚ್ಛ ಮಾಡಿ. ಬ್ಲೋವರ್ ಬಿಚ್ಚಿಸಿ ತೊಳೆಸಿ. ಬಹಳ ದಿನ ನಿಂತ ಗಾಡಿಯಲ್ಲಿ ಇಲಿ ಗೂಡು ಕಟ್ಟಿರುವುದೂ ಉಂಟು. ಬ್ಲೋವರ್ ಕೊನೆಯ ಸ್ಪೀಡಿನಲ್ಲಿ ಮಾತ್ರ ಓಡಿ ಉಳಿದವುಗಳಲ್ಲಿ ಸುಮ್ಮನಿದ್ದರೆ ಸ್ಪೀಡ್ ಕಡಿಮೆ ಮಾಡುವ ರೆಸಿಸ್ಟರ್ ಸುಟ್ಟಿದೆ. ಮೋಟರ್ ಬದಲಿಸುವ ಅಗತ್ಯ ಇಲ್ಲ.

ನನ್ನದು ಉಲ್ಟಾ ಸಮಸ್ಯೆ. ಬೇಸಿಗೆಯಲ್ಲಿ ಎಸಿ ಹಾಕಿದರೂ ಗಾಳಿ ತಂಪಾಗುವುದಿಲ್ಲ. ಗ್ಯಾಸ್ ತುಂಬಿಸಿದರೂ ಅಷ್ಟೇ.

ಹೀಟರ್ ಕಾಕ್ ಪೂರ್ತಿ ಮುಚ್ಚುತ್ತಿದೆಯಾ ನೋಡಿಸಿದ್ದೀರಾ? ಗಡುಸು ನೀರಿನ ಪದರದಿಂದ ಕಾಕ್ ಅರ್ಧಕ್ಕೆ ನಿಂತುಬಿಡುತ್ತದೆ. ಎಸಿ ತಂಪು ಮಾಡಿದ ಗಾಳಿಯನ್ನು ಹಿಂದೆಯೇ ಕೋರ್ ಬಿಸಿ ಮಾಡುತ್ತಿರುತ್ತದೆ. ಎಸಿ ಬಂದ್ ಇಟ್ಟು, ಲಿವರ್ ತಂಪಿನ ಕಡೆ ಎಳೆದು, ಗಾಡಿ ಅರ್ಧ ಗಂಟೆ ಓಡಿದ ಮೇಲೆ ಬ್ಲೋವರ್ ಗಾಳಿ ಹೊರಗಿನ ಗಾಳಿಗಿಂತ ಬಹಳ ಬಿಸಿ ಬಂದರೆ ಅನುಮಾನ ನಿಜ. ಆಗ ಕಾಕ್ ಇರುವ ಗಾಡಿಯಲ್ಲಿ ಲಿವರ್ ತಂಪಿನ ಕಡೆ ಇದ್ದರೂ ಕೋರ್‌ಗೆ ಹೋಗುವ ಎರಡೂ ಪೈಪು ಸುಡುತ್ತಿರುತ್ತವೆ. ಎಸಿ ಗ್ಯಾಸಿಗೆ ಮತ್ತೆ ಮತ್ತೆ ದುಡ್ಡು ಕೊಡುವ ಮೊದಲು ಇದನ್ನು ನೋಡಿಸಲೇಬೇಕು.

ಕಾರಿನಲ್ಲಿ ಸಿಹಿ ವಾಸನೆ, ಎಡಗಡೆ ಕಾಲಿನ ಮ್ಯಾಟ್ ಒದ್ದೆ, ಗಾಜಿನ ಮೇಲೆ ಜಿಡ್ಡು. ಹೀಟರ್ ಕಾಯಿಲ್ ಸೋರುತ್ತಿದೆಯಾ?

ಹೌದು, ಅದೇ. ಒದ್ದೆ ಬರೀ ನೀರಾಗಿದ್ದರೆ ಎಸಿಯ ನೀರು ಹೋಗುವ ಪೈಪು ಕಟ್ಟಿರಬಹುದು. ಆದರೆ ಸಿಹಿ ವಾಸನೆ, ಜಿಡ್ಡು ಇದ್ದರೆ ಕೂಲಂಟ್. ಆ ಆವಿ ಉಸಿರಾಡುವುದು ಒಳ್ಳೆಯದಲ್ಲ. ಎಂಜಿನ್ ಕೂಲಂಟೂ ಖಾಲಿಯಾಗುತ್ತಾ ಹೋಗುತ್ತದೆ. ಬಿಡಿಭಾಗ ಸಿಗುವವರೆಗೆ ಎರಡೂ ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ಕೋರ್‌ಅನ್ನು ಬೈಪಾಸ್ ಮಾಡಬಹುದು. ತಾತ್ಕಾಲಿಕವಾಗಿ ಇದು ಸರಿಯಾದ ಉಪಾಯವೇ. ಹಳೆ ಗಾಡಿ ಕೊಳ್ಳುವವರು ಬಾನೆಟ್ ತೆಗೆದಾಗ ಇಂಥ ಬೈಪಾಸ್ ಇದೆಯಾ ಅಂತ ನೋಡಿ. ಆ ಎರಡು ಪೈಪುಗಳೇ ಇಲ್ಲದಿದ್ದರೆ ಕಂಪನಿಯೇ ಹೀಟರ್ ಕೊಡದ ಕಡಿಮೆ ಬೆಲೆಯ ಮಾದರಿ ಇರಬಹುದು.

ಗಾಡಿಗೆ ಎಲ್‌ಪಿಜಿ ಕಿಟ್ ಹಾಕಿಸಿದ ಮೇಲೆ ಹೀಟರ್ ಸೋತಿತು. ಕಾಕತಾಳೀಯವೇ?

ಅಲ್ಲ. ಗ್ಯಾಸ್ ಕಿಟ್‌ನಲ್ಲಿ ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್‌ಗೆ ಬಿಸಿ ಕೂಲಂಟ್ ಬೇಕು. ಗ್ಯಾಸ್ ಹಿಗ್ಗುವಾಗ ಬಹಳ ತಣ್ಣಗಾಗುತ್ತದೆ, ಬಿಸಿ ಕೊಡದಿದ್ದರೆ ರೆಡ್ಯೂಸರ್ ಹೆಪ್ಪುಗಟ್ಟುತ್ತದೆ. ಆ ಬಿಸಿ ಕೂಲಂಟನ್ನು ಸಾಮಾನ್ಯವಾಗಿ ಹೀಟರ್ ಪೈಪಿನಿಂದಲೇ ತೆಗೆಯುತ್ತಾರೆ. ಜೋಡಣೆ ಸರಿ ಇಲ್ಲದಿದ್ದರೆ ಕೂಲಂಟ್ ರೆಡ್ಯೂಸರ್ ಸುತ್ತಿ ಹೋಗುತ್ತದೆ, ಹೀಟರ್ ಕೋರ್‌ಗೆ ಬರುವುದು ಅಲ್ಪ. ಕಿಟ್ ಹಾಕಿದವರ ಬಳಿಯೇ ಪೈಪು ಜೋಡಣೆ ತಿದ್ದಿಸಿ. ಗ್ಯಾಸಿನಲ್ಲಿ ಓಡುವ ಗಾಡಿಗೆ ಥರ್ಮೋಸ್ಟಾಟ್ ಇನ್ನೂ ಅಗತ್ಯ.

ಎಂಜಿನ್ ಅತಿಯಾಗಿ ಬಿಸಿಯಾಗುತ್ತಿರುವಾಗ ಹೀಟರ್ ಹಾಕಬೇಕು ಅಂತಾರೆ. ಮೇ ತಿಂಗಳಲ್ಲೂ ಹಾಕಬೇಕಾ?

ಹಾಕಬೇಕು. ಶ್ರೀಶೈಲದ ಘಾಟಿ ಹತ್ತುವಾಗ ಮುಳ್ಳು ಏರತೊಡಗಿದರೆ ಎಸಿ ಬಂದ್ ಮಾಡಿ, ಗಾಜು ಇಳಿಸಿ, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ಸ್ಪೀಡಿಗೆ ಇಡಿ. ಕೋರ್ ಎರಡನೇ ರೇಡಿಯೇಟರ್ ಆಗಿ ಎಂಜಿನ್‌ನ ಬಿಸಿ ಎಳೆಯುತ್ತದೆ. ಒಳಗೆ ಕೂರಲು ಕಷ್ಟ, ಆದರೆ ನಿಲ್ಲಲು ಸುರಕ್ಷಿತ ಜಾಗ ಸಿಗುವವರೆಗೆ ಹೆಡ್ ಗ್ಯಾಸ್ಕೆಟ್ ಉಳಿಯಬಹುದು. ಮುಳ್ಳು ಕೆಂಪು ಗೆರೆ ಮುಟ್ಟಿದರೆ ಮಾತ್ರ ಕೂಡಲೇ ನಿಲ್ಲಿಸಿ. ಹೀಟರ್ ಹಾಕಿದಾಗ ಗಾಳಿ ತಣ್ಣಗೆ ಬಂದು ಮುಳ್ಳು ಮಾತ್ರ ಮೇಲಿದ್ದರೆ ಕೂಲಂಟ್ ಖಾಲಿಯಾಗಿದೆ ಅಂತ ಅರ್ಥ. ಆಗಲೂ ಒಂದು ಕ್ಷಣವೂ ಓಡಿಸಬೇಡಿ.

ಪ್ರಯಾಣದ ನಡುವೆ ಹೀಟರ್ ಹಾಕಿಕೊಂಡು ಕಾರಿನಲ್ಲೇ ಮಲಗಬಹುದಾ?

ಬೇಡ. ಎಂಜಿನ್ ಓಡುತ್ತಿರುವ ಕಾರಿನಲ್ಲಿ ಗಾಜು ಏರಿಸಿ ಮಲಗುವುದು ಪ್ರಾಣಾಪಾಯ. ಹಳೆ ಗಾಡಿಯ ಸೈಲೆನ್ಸರ್ ಪೈಪಿನಲ್ಲಿ ತೂತಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ತೂಕಡಿಕೆ ಬಂದರೆ ಕೂಡಲೇ ಕೆಳಗಿಳಿದು ಗಾಳಿಗೆ ಬನ್ನಿ. ಚಳಿಯಾದರೆ ಎಂಜಿನ್ ಬಂದ್ ಮಾಡಿ ಕಂಬಳಿ ಹೊದ್ದು ಮಲಗಿ.

ಡೀಸೆಲ್ ಗಾಡಿಯಲ್ಲಿ ಹೀಟರ್ ತಡವಾಗಿ ಬಿಸಿಯಾಗುವುದು ದೋಷವೇ?

ಅಲ್ಲ. ಡೀಸೆಲ್ ಎಂಜಿನ್ ನಿಂತಲ್ಲೇ ಓಡುವಾಗ ಬಿಸಿ ಕಡಿಮೆ ಹುಟ್ಟಿಸುತ್ತದೆ. ಮನೆ ಮುಂದೆ ಸುಮ್ನೆ ಸ್ಟಾರ್ಟ್ ಮಾಡಿ ಇಡುವುದಕ್ಕಿಂತ ನಿಧಾನವಾಗಿ ಓಡಿಸಿಕೊಂಡು ಹೋದರೆ ಬೇಗ ಬಿಸಿಯಾಗುತ್ತದೆ. ಇಪ್ಪತ್ತು ನಿಮಿಷ ಓಡಿದ ಮೇಲೂ ತಣ್ಣಗಿದ್ದರೆ ಮೇಲಿನ ಪರೀಕ್ಷೆಗಳನ್ನು ಮಾಡಿ.

ಗಾಜಿಗೆ ಆವಿ ಕಟ್ಟಿದಾಗ ಹೀಟರ್ ಹಾಕಬೇಕಾ, ಎಸಿ ಹಾಕಬೇಕಾ?

ಎರಡೂ ಹಾಕಿ. ಎಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಗಾಜನ್ನು ಬೆಚ್ಚಗೆ ಮಾಡುತ್ತದೆ. ಎಸಿ ಇಲ್ಲದ ಗಾಡಿಯಲ್ಲಿ ಹೊರಗಿನ ಗಾಳಿ ಬರುವಂತೆ ಲಿವರ್ ಇಟ್ಟು ಹೀಟರ್ ಹಾಕಿ. ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟರೆ ಆವಿ ಹೆಚ್ಚುತ್ತದೆ.

ಸರಿಯಾಗಿದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ವರ್ಷದ ಹತ್ತು ತಿಂಗಳು ಬಳಸುವುದೇ ಇಲ್ಲವಲ್ಲ?

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮಧ್ಯದ ಕಿಂಡಿಯಲ್ಲಿ ಥರ್ಮಾಮೀಟರ್ ಇಟ್ಟು, ಹೀಟರ್ ಪೂರ್ತಿ ಬಿಸಿಗೆ ಇಡಿ. 50 ಡಿಗ್ರಿ ದಾಟಿದರೆ ಚೆನ್ನಾಗಿದೆ. ಜ್ವರ ನೋಡುವ ಥರ್ಮಾಮೀಟರ್ ಅಷ್ಟು ಬಿಸಿಗೆ ಒಡೆಯುತ್ತದೆ, ಅದು ಬೇಡ.

ಬಳಸದ ತಿಂಗಳುಗಳಲ್ಲೂ ತಿಂಗಳಿಗೊಮ್ಮೆ ಐದು ನಿಮಿಷ ಲಿವರ್‌ಅನ್ನು ಪೂರ್ತಿ ಬಿಸಿಗೆ ಎಳೆದು ಓಡಿಸಿ. ಕಾಕ್ ಮುಚ್ಚಿಕೊಂಡೇ ಇದ್ದರೆ ಅಲ್ಲೇ ಹಿಡಿದುಕೊಳ್ಳುತ್ತದೆ, ಕೋರ್‌ನಲ್ಲಿ ನಿಂತ ನೀರಿನ ಕೆಸರು ತಳಕ್ಕೆ ಕೂರುತ್ತದೆ. ಬೆಳಿಗ್ಗೆ ಬೇಗ ಎಲ್ಲಿಗಾದರೂ ಹೊರಟ ದಿನ ಈ ಕೆಲಸ ಮುಗಿಸಿಕೊಳ್ಳಿ. ಆಗ ಮೇ ತಿಂಗಳಲ್ಲೂ ಅಷ್ಟು ಕಷ್ಟವಾಗುವುದಿಲ್ಲ.